ನಗರದ ಗಾಳಿ ಹೃದಯ ಮುಟ್ಟುವ ದಾರಿ

ಹೊಗೆ ಕುಡಿದರೆ ಕೆಮ್ಮು ಬರುತ್ತದೆ, ದಮ್ಮು ಹತ್ತುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದೇ ಹೊಗೆ ಹೃದಯಾಘಾತಕ್ಕೂ ಕಾರಣವಾದೀತು ಎಂದರೆ ಬಹಳ ಜನ ನಂಬುವುದಿಲ್ಲ. ಶ್ವಾಸಕೋಶಕ್ಕೆ ಹೋದ ಧೂಳು ಹೃದಯಕ್ಕೆ ಹೇಗೆ ತಾಗೀತು?

ಇದನ್ನು ತಿಳಿಯಲು ಸ್ಕಾಟ್ಲೆಂಡಿನ ಎಡಿನ್‌ಬರೋದ ವಿಜ್ಞಾನಿಗಳು ಚಿನ್ನದ ಮೊರೆ ಹೋದರು. ನಮ್ಮ ದೇಹದಲ್ಲಿ ಚಿನ್ನ ಇಲ್ಲವೆಂಬಷ್ಟು ಕಡಿಮೆ. ಹಾಗಾಗಿ ಒಳಹೊಕ್ಕ ಕಣ ಎಲ್ಲಿ ಹೋಯಿತೆಂದು ಪತ್ತೆ ಹಚ್ಚುವುದು ಸುಲಭ. ಆರೋಗ್ಯವಂತ ಸ್ವಯಂಸೇವಕರು ಅತಿಸೂಕ್ಷ್ಮ ಚಿನ್ನದ ಕಣಗಳು ಬೆರೆತ ಗಾಳಿಯನ್ನು ಉಸಿರಾಡಿದರು. ಒಂದು ದಿನದೊಳಗೆ ಆ ಚಿನ್ನ ಅವರ ರಕ್ತದಲ್ಲಿ ಸಿಕ್ಕಿತು. ಮೂರು ತಿಂಗಳಾದ ಮೇಲೂ ಪೂರ್ತಿ ಹೋಗಿರಲಿಲ್ಲ. ಕತ್ತಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡು ಶಸ್ತ್ರಚಿಕಿತ್ಸೆಗೆ ಬಂದವರೂ ಮೊದಲೇ ಆ ಗಾಳಿ ಉಸಿರಾಡಿದ್ದರು, ಅವರಲ್ಲಿ ಕಂಡದ್ದು ಇನ್ನೂ ಗಾಬರಿ ಹುಟ್ಟಿಸುವಂಥದ್ದು: ಹೊರತೆಗೆದ ಆ ಕೊಬ್ಬಿನ ಪದರದಲ್ಲೇ ಚಿನ್ನ ಸೇರಿಕೊಂಡಿತ್ತು. 2017ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದಂದಿನಿಂದ ಡೀಸೆಲ್ ಹೊಗೆಯ ನಡುವೆ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನನಗೆ ಆ ಚಿನ್ನವೇ ನೆನಪಾಗುತ್ತದೆ. ಏಕೆಂದರೆ ಆ ಹೊಗೆಯಲ್ಲೂ ಅಷ್ಟೇ ಸಣ್ಣ ಕಣಗಳಿರುತ್ತವೆ.

ಸುದ್ದಿಯಲ್ಲಿ ನಾವು ಕೇಳುವ ಪಿಎಂ 2.5 ಕಣ, ಅಂದರೆ 2.5 ಮೈಕ್ರೋಮೀಟರ್‌ವರೆಗಿನ ಧೂಳಿನ ಕಣ, ಇದಕ್ಕಿಂತ ದೊಡ್ಡದಿರಬಹುದು. ಆದರೂ ತಲೆಗೂದಲಿನ ದಪ್ಪಕ್ಕೆ ಹೋಲಿಸಿದರೆ ಮೂವತ್ತರಲ್ಲಿ ಒಂದು ಪಾಲಷ್ಟೆ. ಅದು ಶ್ವಾಸಕೋಶದ ಆಳದಲ್ಲಿ ಕೂತು ಉರಿಯೂತ ಎಬ್ಬಿಸುತ್ತದೆ. ಆ ಉರಿಯೂತದ ರಾಸಾಯನಿಕಗಳು ರಕ್ತಕ್ಕಿಳಿಯುತ್ತವೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ, ರಕ್ತನಾಳಗಳು ಬೇಕೆಂದಾಗ ಹಿಗ್ಗುವ ಗುಣ ಕಳೆದುಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಸರಾಸರಿ ಮಿತಿಯನ್ನು ಒಂದು ಘನ ಮೀಟರ್ ಗಾಳಿಗೆ 10ರಿಂದ 5 ಮೈಕ್ರೋಗ್ರಾಮಿಗೆ ಇಳಿಸಿದೆ.

ಆದರೆ ಹೊಗೆಯ ಲೆಕ್ಕವೊಂದೇ ಸಾಲದು, ಆಕಾಶವನ್ನೂ ನೋಡಬೇಕು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಜನ ಪ್ರತಿ ಚಳಿಗಾಲದಂತೆಯೇ ಕಲ್ಲಿದ್ದಲು ಉರಿಸುತ್ತಿದ್ದರು. ಆ ಐದು ದಿನ ಗಾಳಿ ಆಡಲಿಲ್ಲ. ನೆಲದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತುಬಿಟ್ಟಿತು. ಹೊಗೆ ಮೇಲೇರಲಾರದೆ ಬೀದಿಯಲ್ಲೇ ಉಳಿಯಿತು. ಸುಮಾರು 4,000 ಜನ ಸತ್ತರೆಂಬುದು ಆಗಿನ ಅಂದಾಜು, ಸುಮಾರು 12,000 ಎಂಬುದು ನಂತರದ್ದು. ಸತ್ತವರಲ್ಲಿ ಹೃದ್ರೋಗಿಗಳೂ ಇದ್ದರು.

ಅಂಥದೇ ಮುಚ್ಚಳ ಸಣ್ಣ ಪ್ರಮಾಣದಲ್ಲಿ ಚಳಿಗಾಲದ ಬಹಳಷ್ಟು ಬೆಳಗುಗಳಲ್ಲಿ ನಗರಗಳ ಮೇಲಿರುತ್ತದೆ. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುವುದೂ ಅದೇ ಹೊತ್ತಿಗೆ. ಹೃದಯದ ತೊಂದರೆ ಇರುವವರು ಆ ದಿನಗಳಲ್ಲಿ ನಸುಕಿಗೇ ವಾಕಿಂಗ್ ಹೊರಡುವುದು ನನಗೆ ಸರಿಯೆನಿಸುವುದಿಲ್ಲ. ಬಿಸಿಲೇರಿ ನೆಲ ಕಾದರೆ ಮುಚ್ಚಳ ಒಡೆಯುತ್ತದೆ, ಅಲ್ಲಿಯವರೆಗೆ ತಡೆದರೆ ಒಳ್ಳೆಯದು. ಬೇಸಿಗೆಯಲ್ಲಿ ಲೆಕ್ಕ ತಿರುಗುಮುರುಗು: ವಾಹನಗಳ ಹೊಗೆ ಬಿಸಿಲಿನಲ್ಲಿ ಬೆಂದು ಮಧ್ಯಾಹ್ನಕ್ಕೆ ಉಸಿರಿಗೆ ಕೆಡುಕಾದ ಓಝೋನ್ ಅನಿಲವಾಗುತ್ತದೆ, ಆಗ ಬೆಳಗಿನ ಹೊತ್ತೇ ಮೇಲು.

ಸೆಕೆಯ ಕಾಟ ಬೇರೆ ಬಗೆಯದು. ಸುಮ್ಮನೆ ಕೂತಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹರಿಸುತ್ತದೆ. ವಿಪರೀತ ಬಿಸಿಯಲ್ಲಿ ಮೈ ತಣಿಸಲು ಚರ್ಮವೊಂದಕ್ಕೇ ಅದಕ್ಕಿಂತ ಹೆಚ್ಚು ರಕ್ತ ಬೇಕಾಗಬಹುದು. ಇತ್ತ ಬೆವರಿ ಬೆವರಿ ರಕ್ತದ ನೀರಿನಂಶ ಇಳಿದು ಅದು ಮಂದವಾಗಿರುತ್ತದೆ. ಗಟ್ಟಿ ಹೃದಯ ಇದನ್ನು ತಾಳಿಕೊಳ್ಳುತ್ತದೆ, ಸೋತ ಹೃದಯಕ್ಕೆ ಕಷ್ಟ. ಕಾಂಕ್ರೀಟು, ಡಾಂಬರು ಹಗಲು ಹೀರಿದ ಶಾಖವನ್ನು ರಾತ್ರಿಯಿಡೀ ಬಿಡುವುದರಿಂದ ನಗರದಲ್ಲಿ ಮಲಗಿದಾಗಲೂ ಹೃದಯಕ್ಕೆ ಬಿಡುವಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಸೆಕೆಗಾಲ ಬರುವ ಮುನ್ನವೇ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು. ತಾವಾಗಿಯೇ ನಿಲ್ಲಿಸಕೂಡದು.

ಮಾಸ್ಕಿನಿಂದ ಏನಾದೀತು ಎನ್ನುವವರಿಗೆ ಬೀಜಿಂಗಿನ ಒಂದು ಪ್ರಯೋಗ ಹೇಳಬೇಕು. ಹೃದಯದ ರಕ್ತನಾಳದ ಕಾಯಿಲೆಯಿದ್ದ 98 ಜನ ಅಲ್ಲಿನ ಬೀದಿಗಳಲ್ಲಿ ಎರಡು ಗಂಟೆ ನಡೆದರು: ಒಂದು ದಿನ ಕಣ ಸೋಸುವ ಮಾಸ್ಕ್ ಹಾಕಿಕೊಂಡು, ಇನ್ನೊಂದು ದಿನ ಮಾಸ್ಕ್ ಇಲ್ಲದೆ. ಮಾಸ್ಕ್ ಹಾಕಿದ ದಿನ ನಡೆಯುವಾಗ ಅವರ ರಕ್ತದೊತ್ತಡ ಕಡಿಮೆಯಿತ್ತು. ಹೃದಯಕ್ಕೆ ರಕ್ತ ಸಾಲದಾದಾಗ ಇಸಿಜಿಯಲ್ಲಿ ಕಾಣುವ ಗುರುತೂ ಅಂದು ಕಡಿಮೆಯಾಗಿತ್ತು.