ಪೈಥಾನ್ ಕೋಡನ್ನ ಜಾವಾಗೆ ಬರೆಯೋವಾಗ: ಮೈನಸ್ ನಂಬರಿಗೆ % ಹಾಕಿದ್ರೆ ಏನಾಗುತ್ತೆ

ಸೆಮಿಕೋಲನ್ನು, ಬ್ರಾಕೆಟ್ಟು, ಟೈಪ್ ಡಿಕ್ಲೇರ್ ಮಾಡೋದು ಇದೆಲ್ಲ ದೊಡ್ಡ ತಲೆನೋವಲ್ಲ, ಬಿಟ್ಟೋದ್ರೆ ಕಂಪೈಲರ್ರೇ ಬೈದು ಹೇಳುತ್ತೆ. ಡೇಂಜರ್ ಇರೋದು ಎರಡೂ ಕಡೆ ಒಂದೇ ಥರ ಕಾಣೋ ಚಿಹ್ನೆಗಳಲ್ಲಿ. ಕಂಪೈಲ್ ಆಗುತ್ತೆ, ರನ್ನೂ ಆಗುತ್ತೆ, ಉತ್ತರ ಮಾತ್ರ ಬೇರೆ.

% ಅಂದ್ರೆ ಭಾಗಿಸಿದ ಮೇಲೆ ಉಳಿಯೋ ಶೇಷ. ವಾರಗಳ ಒಂದು ಅರೇ (ನಂಬರ್ ಹಾಕಿದ ಪಟ್ಟಿ) ಇದೆ ಅಂದ್ಕೊಳ್ಳಿ, ಭಾನುವಾರ 0, ಶನಿವಾರ 6. ಇವತ್ತು ಭಾನುವಾರ, ಮೂರು ದಿನದ ಹಿಂದೆ ಯಾವ ವಾರ? ಪೈಥಾನಲ್ಲಿ (0 - 3) % 7 ಅಂದ್ರೆ 4 ಬರುತ್ತೆ, ಗುರುವಾರ, ಸರಿ. ಅದೇ ಸಾಲು ಜಾವಾದಲ್ಲಿ -3 ಕೊಡುತ್ತೆ, ಅದನ್ನ ಇಂಡೆಕ್ಸ್ (ಪಟ್ಟಿಲಿ ಎಷ್ಟನೇ ಜಾಗ ಅನ್ನೋ ನಂಬರ್) ಅಂತ ಹಾಕಿದ ತಕ್ಷಣ ಎಕ್ಸೆಪ್ಶನ್, ಅಂದ್ರೆ ರನ್ ಆಗೋವಾಗ ಬರೋ ಎರರ್. ಎಕ್ಸೆಪ್ಶನ್ ಬಂದ್ರೆ ಪುಣ್ಯ ಅನ್ನಿ, ಬರೀ ಲೆಕ್ಕದ ಮಧ್ಯೆ ಇದ್ದಿದ್ರೆ ತಪ್ಪು ಉತ್ತರ ಹಾಗೇ ಮುಂದಕ್ಕೆ ಹೋಗಿರೋದು.

ಯಾಕೆ ಹೀಗೆ ಅಂತ ಅರ್ಥ ಆಗ್ಬೇಕಂದ್ರೆ ಮೊದಲು % ಕಡೆ ನೋಡ್ಬೇಡಿ, ಭಾಗಾಕಾರ ನೋಡಿ. -7 ನ 3 ರಿಂದ ಭಾಗಿಸಿದ್ರೆ -2.33 ಚಿಲ್ಲರೆ. ಇದನ್ನ ಪೂರ್ಣಾಂಕ ಮಾಡೋವಾಗ ಜಾವಾ ಸೊನ್ನೆ ಕಡೆ ಸರಿಯುತ್ತೆ, ಅಂದ್ರೆ -2. ಪೈಥಾನಿನ // (ಪೂರ್ಣಾಂಕ ಭಾಗಾಕಾರ) ಯಾವಾಗ್ಲೂ ಕೆಳಕ್ಕೆ ಇಳಿಯುತ್ತೆ, ಅಂದ್ರೆ -3. ಈಗ ಭಾಗಲಬ್ಧ ಗುಣಿಸು ಭಾಜಕ ಕೂಡಿಸು ಶೇಷ, ಇದು ಮೂಲ ಸಂಖ್ಯೆ ಆಗ್ಲೇಬೇಕು, ಈ ನಿಯಮ ಎರಡೂ ಭಾಷೆಲೂ ಇದೆ. ಜಾವಾದಲ್ಲಿ -2 × 3 = -6, -7 ಆಗೋಕೆ ಇನ್ನೂ -1 ಬೇಕು, ಹಾಗಾಗಿ ಶೇಷ -1. ಪೈಥಾನಲ್ಲಿ -3 × 3 = -9, -7 ಕ್ಕೆ ಬರೋಕೆ 2 ಕೂಡಿಸ್ಬೇಕು, ಶೇಷ 2. ಇಬ್ರದ್ದೂ ಲೆಕ್ಕ ಸರೀನೇ, ಭಾಗಲಬ್ಧ ಬೇರೆ ಆಗಿದ್ದಕ್ಕೆ ಶೇಷ ಬೇರೆ ಆಗಿದೆ ಅಷ್ಟೇ. ಅದಕ್ಕೇ ಜಾವಾದಲ್ಲಿ ಶೇಷದ ಚಿಹ್ನೆ ಭಾಜ್ಯದ್ದು, ಪೈಥಾನಲ್ಲಿ ಭಾಜಕದ್ದು. ಪ್ಲಸ್ ನಂಬರಲ್ಲಿ ಸೊನ್ನೆ ಕಡೆ ಹೋಗೋದೂ ಕೆಳಕ್ಕೆ ಹೋಗೋದೂ ಒಂದೇ ದಿಕ್ಕು, ಹಾಗಾಗಿ ಅಲ್ಲಿ ವ್ಯತ್ಯಾಸ ಕಾಣೋದೇ ಇಲ್ಲ.

ಪರಿಹಾರ ಸುಲಭ. ಜಾವಾ 8 ರಿಂದ ಮ್ಯಾಥ್ ಕ್ಲಾಸಲ್ಲಿ ಫ್ಲೋರ್‌ಮಾಡ್, ಫ್ಲೋರ್‌ಡಿವ್ ಇವೆ, ಪೈಥಾನಿನ %, // ಇದ್ದ ಕಡೆ ಇವನ್ನೇ ಹಾಕಿ. ಎಲ್ರೂ ಬರೆಯೋ ((ಅ % ನ) + ನ) % ನ (ಅ ಭಾಜ್ಯ, ನ ಭಾಜಕ) ಕೂಡ ನಡೆಯುತ್ತೆ, ಆದ್ರೆ ಭಾಜಕ ನ ಸುಮಾರು 107 ಕೋಟಿ ದಾಟಿದ್ರೆ ಮಧ್ಯದ ಕೂಡಿಕೆನೇ ಇಂಟ್ (ಜಾವಾದ ಮಾಮೂಲಿ ಪೂರ್ಣಾಂಕ ಟೈಪ್) ಮಿತಿ ಮೀರಬಹುದು, ಅದಕ್ಕೆ ನಂಗೆ ಫ್ಲೋರ್‌ಮಾಡೇ ಇಷ್ಟ. ಹಾಗೇ ಬೆಸ ಸಂಖ್ಯೆನಾ ಅಂತ ನೋಡೋಕೆ % 2 == 1 ಅಂತ ಬರೀಬೇಡಿ, ಜಾವಾದಲ್ಲಿ -3 % 2 ಅಂದ್ರೆ -1, ಅದು ಬೆಸ ಅಲ್ಲ ಅಂತ ಹೇಳ್ಬಿಡುತ್ತೆ. % 2 != 0 (ಶೇಷ ಸೊನ್ನೆ ಅಲ್ಲ) ಅಂತ ಬರೀರಿ.

ಮಿತಿ ಅಂದಾಗ ನೆನಪಾಯ್ತು, ಪೈಥಾನಲ್ಲಿ ಪೂರ್ಣಾಂಕ ಎಷ್ಟು ದೊಡ್ಡದಾದ್ರೂ ಬೆಳೆಯುತ್ತೆ, ಜಾವಾ ಇಂಟು 2147483647 ಕ್ಕೆ ನಿಲ್ಲುತ್ತೆ. 12 ರ ಫ್ಯಾಕ್ಟೋರಿಯಲ್ (1 ರಿಂದ 12 ರವರೆಗಿನ ಸಂಖ್ಯೆಗಳ ಗುಣಲಬ್ಧ) ಇಂಟಲ್ಲಿ ಸರಿ ಬರುತ್ತೆ, 13 ಕ್ಕೆ 6227020800 ಬರೋ ಬದ್ಲು 1932053504 ಅಂತ ಬರುತ್ತೆ, ಮೈನಸ್ಸೂ ಇಲ್ಲ, ಎರರ್ರೂ ಇಲ್ಲ, ನೋಡೋಕೆ ಸರಿಯಾದ ಉತ್ತರದ ಥರನೇ ಇದೆ. ಲಾಂಗ್ (ಇಂಟಿಗಿಂತ ದೊಡ್ಡ ಟೈಪ್) ಹಾಕಿದ್ರೆ 20 ರವರೆಗೆ ಓಡುತ್ತೆ, ಆಮೇಲೆ ಎಷ್ಟು ದೊಡ್ಡ ಸಂಖ್ಯೆನೂ ಹಿಡಿಯೋ ಬಿಗ್‌ಇಂಟಿಜರ್ರೇ ಗತಿ.