ಸ್ಕ್ಯಾನ್ ರಿಪೋರ್ಟ್ ಆಮೇಲೆ, ಮೊದಲು ಕಾಲು ತೋರಿಸಿ

ಜನವರಿ ಬಂತೆಂದರೆ ರೊಬಸ್ಟಾ ಕುಯ್ಲು ಶುರು. ನಮ್ಮ ಓಪಿಡಿಯಲ್ಲಿ ಸೊಂಟ ಹಿಡಿದವರೂ ಜಾಸ್ತಿಯಾಗುತ್ತಾರೆ. ಕಾಫಿ ಹಣ್ಣಿನ ಚೀಲವನ್ನು ಬಗ್ಗಿ ಎತ್ತಿ, ಹಾಗೆಯೇ ತಿರುಗಿ ಟ್ರ್ಯಾಕ್ಟರ್‌ಗೆ ಹಾಕುವಾಗ "ಕಳಕ್ ಅಂತು ಡಾಕ್ಟ್ರೇ" ಎನ್ನುತ್ತಾರೆ. ಕೆಲವರು ಆಗಲೇ ಮೈಸೂರಿಗೆ ಹೋಗಿ ಎಂಆರ್‌ಐ ಸ್ಕ್ಯಾನ್ ಮಾಡಿಸಿಕೊಂಡು, "ಡಿಸ್ಕ್ ಜಾರಿದೆಯಂತೆ" ಅಂತ ಬಂದಿರುತ್ತಾರೆ.

ಆ ಫಿಲ್ಮನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ಮಲಗಿಸಿ, ಮಂಡಿ ಮಡಚದೆ ಕಾಲು ಮೇಲೆತ್ತುತ್ತೇನೆ. ನೋವು ಮಂಡಿಯಿಂದ ಕೆಳಕ್ಕೆ ಚಳಕ್ ಅಂತ ಇಳಿದರೆ ನರ ಒತ್ತಿರುವ ಸಾಧ್ಯತೆ ಹೆಚ್ಚು. ಹೆಬ್ಬೆರಳು ಎತ್ತಿಸುತ್ತೇನೆ, ಹಿಮ್ಮಡಿ ಮೇಲೆ ನಡೆಸುತ್ತೇನೆ. ಯಾವ ನರಕ್ಕೆ ತೊಂದರೆ ಅನ್ನುವುದು ಅಲ್ಲೇ ಮುಕ್ಕಾಲು ಗೊತ್ತಾಗುತ್ತದೆ.

ಬೆನ್ನುಮೂಳೆಗಳ ನಡುವೆ ಮೆತ್ತೆಯಂಥ 23 ಡಿಸ್ಕ್‌ಗಳಿವೆ. ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ಮೆತ್ತನೆಯ ಲೋಳೆ. ಉಂಗುರ ಹರಿದರೆ ಲೋಳೆ ಹೊರಬಂದು ನರವನ್ನು ಒತ್ತುತ್ತದೆ, ಕೆರಳಿಸುತ್ತದೆ. ಸೊಂಟದ ಕೆಳಗಿನ ಎರಡು ಡಿಸ್ಕ್‌ಗಳಲ್ಲೇ ಇದು ಜಾಸ್ತಿ. ಕೆಮ್ಮಿದರೆ, ಸೀನಿದರೆ, ಎಸ್ಟೇಟ್ ರಸ್ತೆಯಲ್ಲಿ ಜೀಪಿನಲ್ಲಿ ಕೂತರೆ ನೋವು ಏರುತ್ತದೆ. 'ಜಾರಿದೆ' ಅಂದರೂ ಡಿಸ್ಕ್ ಇಡಿಯಾಗಿ ಜಾಗ ಬಿಟ್ಟು ಹೋಗಿರುವುದಿಲ್ಲ. ಹಾಗಾಗಿ ಉಳುಕು ತೆಗೆಸುತ್ತೇನೆ ಅಂತ ಬೆನ್ನು ತುಳಿಸಿಕೊಳ್ಳಬೇಡಿ.

ರಿಪೋರ್ಟ್‌ನಲ್ಲಿ 'ಡಿಸ್ಕ್ ಬಲ್ಜ್' (ಡಿಸ್ಕ್ ಉಬ್ಬಿದೆ) ಅಂತ ಬರೆದಿದ್ದರೆ ಸುಮ್ನೆ ಹೆದರಬೇಡಿ. ನೋವೇ ಇಲ್ಲದ 50 ವರ್ಷದವರನ್ನು ಸ್ಕ್ಯಾನ್ ಮಾಡಿದರೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದು ಕಾಣುತ್ತದೆ.

ಬಹುಪಾಲು ಜನರಿಗೆ 6ರಿಂದ 12 ವಾರದಲ್ಲಿ ನೋವು ಇಳಿಯುತ್ತದೆ. ಹೊರಬಂದ ತುಣುಕನ್ನು ಎಷ್ಟೋ ಸಲ ದೇಹವೇ ಕರಗಿಸುತ್ತದೆ. ದೊಡ್ಡ ತುಣುಕೇ ಹೆಚ್ಚು ಕರಗುವುದು, ಇದನ್ನು ಯಾರೂ ನಂಬುವುದಿಲ್ಲ! ಒಂದೆರಡು ದಿನ ಮಲಗಿ, ಸಾಕು. ಆಮೇಲೆ ಮಾತ್ರೆ, ನಡಿಗೆ, ಫಿಸಿಯೋಥೆರಪಿ. ಭಾರ ಎತ್ತುವುದು ಸದ್ಯಕ್ಕೆ ಬೇಡ. ತಿಂಗಳುಗಟ್ಟಲೆ ಬೆಲ್ಟ್ ಕಟ್ಟಿಕೊಂಡು ಮಲಗಿದವರು ಏಳುವುದೇ ನಿಧಾನ.

ಇಷ್ಟಾದರೂ ಕಾಲುನೋವು ಬಿಡದಿದ್ದರೆ ಆಪರೇಶನ್ ಮಾತು. ಅದರಲ್ಲಿ ನರ ಒತ್ತುತ್ತಿರುವ ತುಣುಕನ್ನಷ್ಟೇ ತೆಗೆಯುತ್ತಾರೆ. ಕಾಲುನೋವು ಬೇಗ ಹೋಗುತ್ತದೆ, ಸೊಂಟನೋವಿಗೆ ಅಷ್ಟು ಗ್ಯಾರಂಟಿ ಇಲ್ಲ. ವರ್ಷದ ಹೊತ್ತಿಗೆ ನೋಡಿದರೆ, ಆಪರೇಶನ್ ಮಾಡಿಸಿದವರೂ ಮಾಡಿಸದವರೂ ಹೆಚ್ಚುಕಮ್ಮಿ ಒಂದೇ ಸ್ಥಿತಿಯಲ್ಲಿರುತ್ತಾರೆ.

ಕಾಯಲೇಬಾರದ ಸಂದರ್ಭವೂ ಇದೆ. ಮೂತ್ರ ಕಟ್ಟಿಕೊಂಡರೆ, ಗೊತ್ತಾಗದೆ ಸೋರಿದರೆ, ತೊಡೆಸಂದಿ, ಗುದದ ಸುತ್ತ ಸ್ಪರ್ಶವೇ ತಿಳಿಯದಿದ್ದರೆ, ಎರಡೂ ಕಾಲು ಸೋತರೆ ಅವತ್ತೇ ಹೊರಡಿ. ಪಾದ ಎತ್ತಲಾಗದೆ ಚಪ್ಪಲಿ ತಾನಾಗಿ ಕಳಚಿ ಬೀಳುತ್ತಿದ್ದರೂ ತಡ ಮಾಡಬೇಡಿ. ಮೂತ್ರದ ನರ ಒಮ್ಮೆ ಹಾಳಾದರೆ ಆಪರೇಶನ್ ಮಾಡಿದರೂ ಪೂರ್ತಿ ವಾಪಸ್ ಬರುತ್ತದೆ ಅನ್ನುವಂತಿಲ್ಲ. ಮಳೆ, ರಾತ್ರಿ, ಘಾಟಿ ಅಂತ ಬೆಳಗಾಗುವವರೆಗೆ ಕೂರಬೇಡಿ. ಎಂಆರ್‌ಐ ಯಂತ್ರವೂ ಬೆನ್ನುಮೂಳೆ ಸರ್ಜನ್ನೂ ಆ ಹೊತ್ತಿಗೆ ಎಲ್ಲಿ ಸಿಗುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಂಡು, ನೇರ ಅಲ್ಲಿಗೇ ಹೋಗಿ.