ಹೊಸ್ತಿಲ ಒಳಗೆ ನಿಂತ ನೀರು

ನಾರ್ವೆಯ ರಾಜಧಾನಿ ಓಸ್ಲೋದ ಮುಂದೆ ಚಾಚಿಕೊಂಡಿರುವ ಫಿಯೋರ್ಡ್ (ನೆಲದೊಳಗೆ ಉದ್ದಕ್ಕೆ ನುಗ್ಗಿದ ಕಡಲ ತೋಳು) ಯಾಕೆ ಉಸಿರುಗಟ್ಟಿದೆ ಅಂತ ತಿಳಿಯಬೇಕಾದರೆ ಡ್ರೋಬಾಕ್ ಅನ್ನೋ ಊರಿನ ಹತ್ತಿರ ನೀರೊಳಗೆ ನೋಡಬೇಕು. ಅಲ್ಲಿ ತಳ ಮೇಲೆದ್ದು ದಿಬ್ಬವಾಗಿದೆ. ಅದರ ಮೇಲೆ ಸುಮಾರು 20 ಮೀಟರ್ ನೀರು, ಅಷ್ಟೇ. ದಾಟಿ ಒಳಗೆ ಹೋದರೆ ಆಳ 150 ಮೀಟರ್ ಮುಟ್ಟುತ್ತದೆ. ಹಿಮನದಿ ಕೊರೆದ ಕಣಿವೆಗಳಲ್ಲಿ ಇದು ಮಾಮೂಲು: ಬಾಯಲ್ಲಿ ಹೊಸ್ತಿಲು, ಒಳಗೆ ಗುಂಡಿ.

ಅದು ಸಾಲದು ಅಂತ 1874ರಿಂದ 1879ರವರೆಗೆ ಸೈನ್ಯದವರು ಇಲ್ಲಿನ ಪಶ್ಚಿಮದ ದಾರಿಗೆ ಅಡ್ಡಲಾಗಿ ನೀರೊಳಗೇ ಕಲ್ಲಿನ ಗೋಡೆ ಕಟ್ಟಿದರು. ಶತ್ರು ಹಡಗು ಓಸ್ಕರ್ಸ್‌ಬೋರ್ಗ್ ಕೋಟೆಯ ತೋಪುಗಳ ಮುಂದೆಯೇ ಹಾದು ಹೋಗಲಿ ಅಂತ. (1940ರ ಏಪ್ರಿಲ್ 9ರಂದು ಜರ್ಮನಿಯ ಬ್ಲೂಶರ್ ಯುದ್ಧನೌಕೆ ಮುಳುಗಿದ್ದು ಈ ಕೋಟೆಯ ಎದುರೇ.) ಆಗ ನೀರಿನ ಓಡಾಟದ ಬಗ್ಗೆ ಯಾರು ತಲೆ ಕೆಡಿಸಿಕೊಂಡಿದ್ದರು?

ಫಿಯೋರ್ಡ್‌ನಲ್ಲಿ ನೀರು ಪದರ ಪದರವಾಗಿ ನಿಲ್ಲುತ್ತದೆ. ನದಿಯ ಸಿಹಿನೀರು ಹಗುರ, ಮೇಲೆ ತೇಲುತ್ತಾ ಹೊರಗೆ ಹೋಗುತ್ತದೆ. ಅದರ ಕೆಳಗೆ ಉಪ್ಪುನೀರು ಒಳಗೆ ಬರುತ್ತದೆ. ಆದರೆ ಹೊಸ್ತಿಲಿಗಿಂತ ಕೆಳಗಿನ ನೀರು ಎರಡಕ್ಕೂ ಸೇರದೆ ಸುಮ್ನೆ ಕೂತಿರುತ್ತದೆ. ಚಳಿಗಾಲದಲ್ಲಿ ಬಡಗಾಳಿ ಬೀಸಿ ಮೇಲ್ನೀರನ್ನು ಹೊರಗೆ ತಳ್ಳಿದಾಗ, ಹೊರಗಿನ ಆಳದ ಭಾರವಾದ ಉಪ್ಪುನೀರು ಮೇಲಕ್ಕೆದ್ದು ಹೊಸ್ತಿಲು ದಾಟಿ ಒಳಗೆ ಸುರಿದರೆ ಮಾತ್ರ ತಳಕ್ಕೆ ಹೊಸ ಆಮ್ಲಜನಕ. ತೀರಾ ಒಳಗಿರುವ ಬುನ್ನೆಫಿಯೋರ್ಡ್‌ಗೆ ಈ ಭಾಗ್ಯ ವರ್ಷವರ್ಷವೂ ಇಲ್ಲ.

ಇತ್ತ ಮೇಲಿನಿಂದ ಕಣಗಳು ಉದುರುತ್ತಲೇ ಇರುತ್ತವೆ. ಸತ್ತ ಪಾಚಿ, ಪುಟ್ಟ ಸಿಗಡಿಯಂಥ ಜೀವಿಗಳ ಹಿಕ್ಕೆ, ಜೇಡಿ ಮಣ್ಣು, ಎಲ್ಲ ಒಂದಕ್ಕೊಂದು ಅಂಟಿ ಹಿಮದ ಚೂರಿನಂತೆ ಇಳಿಯುತ್ತವೆ. ತಳದ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುವಾಗ ಆಮ್ಲಜನಕ ಖರ್ಚಾಗುತ್ತದೆ. ಅದು ಪೂರಾ ಮುಗಿದರೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ದಕ್ಷಿಣ ನಾರ್ವೆಯ ಫ್ರಾಂವಾರೆನ್‌ನಲ್ಲಿ ಹೊಸ್ತಿಲ ಮೇಲೆ ಎರಡೇ ಮೀಟರ್ ನೀರು. ಅಲ್ಲಿನ ತಳಕ್ಕೆ ಈ ವಿಷ ಕಾಯಂ, ಊರಿನ ಕೊಳಚೆಯ ಸಹಾಯವೇ ಬೇಕಿಲ್ಲ. ಹಾಗಾಗಿ ಎಲ್ಲವನ್ನೂ ಚರಂಡಿ ಮೇಲೆ ಹಾಕುವುದು ಸರಿಯಲ್ಲ ಅಂತ ನನಗನಿಸುತ್ತದೆ.

ಆದರೆ ಓಸ್ಲೋದಲ್ಲಿ ಚರಂಡಿಯ ಪಾಲು ದೊಡ್ಡದೇ. 1916ರಲ್ಲಿ ಗ್ರಾನ್ ಎಂಬ ವಿಜ್ಞಾನಿ ಇದೇ ಫಿಯೋರ್ಡ್‌ನಲ್ಲಿ ನೀರು ತುಂಬಿದ ಬಾಟಲಿಗಳನ್ನು ಇಳಿಬಿಟ್ಟು, ಪಾಚಿ ಎಷ್ಟು ಬೆಳೆಯುತ್ತದೆ ಅಂತ ಅದು ಬಿಡುವ ಆಮ್ಲಜನಕದಿಂದಲೇ ಲೆಕ್ಕ ಹಾಕಿದರು. 1930ರ ದಶಕದಲ್ಲಿ ಬ್ರೋರುಡ್ ಮತ್ತು ರೂಡ್ ಕೊಳಚೆಯ ಪರಿಣಾಮವನ್ನು ಹುಡುಕಿ ನೋಡಿದರು. ಚರಂಡಿಯ ಹೊಲಸು ನೇರವಾಗಿ ತಳ ಸೇರುವುದಕ್ಕಿಂತ, ಅದರಲ್ಲಿನ ಸಾರಜನಕ, ರಂಜಕ ಪಾಚಿಗೆ ಗೊಬ್ಬರವಾಗಿ, ಪಾಚಿ ಸತ್ತು ಬೀಳುವುದೇ ಹೆಚ್ಚು ಕೆಟ್ಟದ್ದು. ತಳದಲ್ಲಿ ಆಮ್ಲಜನಕ ಮುಗಿದರೆ ಕೆಸರಿನೊಳಗಿನ ಹಳೆ ರಂಜಕವೂ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ, ಹಳೆ ಸಾಲದ ಬಡ್ಡಿ ಥರ.

1982ರಲ್ಲಿ ವೇಆಸ್ ಎಂಬ ದೊಡ್ಡ ಶುದ್ಧೀಕರಣ ಘಟಕ ಶುರುವಾಯಿತು. 1990ರ ದಶಕದಲ್ಲಿ ಸಾರಜನಕ ತೆಗೆಯುವ ಕೆಲಸವೂ ಸೇರಿತು. ಒಳ ಫಿಯೋರ್ಡ್ ಸುಧಾರಿಸಿತು. ಆದರೆ ಹೊರಭಾಗದ ಎಷ್ಟೋ ಪುರಸಭೆಗಳ ಘಟಕಗಳಲ್ಲಿ ಸಾರಜನಕ ತೆಗೆಯುವ ವ್ಯವಸ್ಥೆಯೇ ಇರಲಿಲ್ಲ, ಹೊಲಗಳ ಗೊಬ್ಬರ ಬೇರೆ ಹರಿದು ಬರುತ್ತಿತ್ತು. 2019ರಲ್ಲಿ ಸ್ವೀಡನ್ ಗಡಿವರೆಗಿನ ಕರಾವಳಿಯಲ್ಲಿ ಕಾಡ್ ಮೀನು ಹಿಡಿಯುವುದನ್ನೇ ನಿಷೇಧಿಸಿದರು. 2021ರಲ್ಲಿ ಸರ್ಕಾರ ಇಡೀ ಫಿಯೋರ್ಡ್‌ಗೆ ಯೋಜನೆ ತಂದಿತು. ಆ ಘಟಕಗಳನ್ನು ಸರಿಪಡಿಸುವ ಖರ್ಚು ಯಾರು ಕೊಡಬೇಕು ಅನ್ನೋದೇ ಅದರಲ್ಲಿ ದೊಡ್ಡ ಜಗಳ.